ಮುಲ್ಕಿ ಪಾಸಾದವನು ಮತ್ತು ಹಂಚಿನ ಕಾರ್ಖಾನೆ

ಇಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಖಾನಾಪುರದ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಶನಿವಾರ ಸಂಜೆ ರೈಲು ಹತ್ತಿ ಬೆಳಗಾವಿಯ ಮನೆಗೆ ಹೋಗುವುದು, ಸೋಮವಾರ ಮುಂಜಾನೆ ಮರಳುವುದು. ಏಳನೆಯ ಇಯತ್ತೆ ನನ್ನದು. ಕನ್ನಡ ಶಾಲೆಯ ಕೊನೆಯ ಪರೀಕ್ಷೆಯಾದ ಮುಲ್ಕಿಗೆ ಹುಡುಗರನ್ನು ತಯಾರು ಮಾಡುತ್ತಿದ್ದೆ. ಅವರು ಪಾಸಾದಾಗ ಅವರಿಗಿಂತ ಹೆಚ್ಚು ನಾನೇ ಹಿಗ್ಗುತ್ತಿದ್ದೆ.

ಒಂದು ವರ್ಷ ಪಾಸಾದವರಲ್ಲಿ ಒಬ್ಬ ರೈತನ ಮಗನಿದ್ದ. ಹದಿನೇಳು ವಯಸ್ಸು. ಲೆಕ್ಕದಲ್ಲಿ ಅವನಂಥವನು ಇಡೀ ತಾಲೂಕಿನಲ್ಲಿ ಇಲ್ಲವೆಂದು ಕಂಡಕಂಡವರಿಗೆಲ್ಲ ನಾನು ಹೇಳಿಕೊಂಡು ತಿರುಗುತ್ತಿದ್ದೆ. ಫಲಿತಾಂಶ ಬಂದು ತಿಂಗಳಾಗಿತ್ತು. ಒಂದು ಮುಂಜಾನೆ ಅವನ ತಂದೆ ಶಾಲೆಯ ಬಾಗಿಲಿಗೆ ಬಂದು ನಿಂತರು. ಹಿಂದೆ ತಲೆ ತಗ್ಗಿಸಿಕೊಂಡು ಮಗ.

"ಬರ್ರಿ, ಒಳಗ ಕುಂದರ್ರಿ" ಎಂದೆ.

ಅವರು ಕೂರಲಿಲ್ಲ. "ಒಂದ್ ಮಾತ್ ಕೇಳಾಕ ಬಂದೇನ್ರಿ ಮಾಸ್ತರ. ಸಿಟ್ಟಿಲೆ ಕೇಳಾಕತ್ತಿಲ್ಲ. ಏಳ ವರ್ಷ ಸಾಲ್ಯಾಗ ನಮ್ಮ ಹುಡುಗಗ ಏನ್ ಕಲಿಸಿದ್ರಿ?"

ನಡೆದದ್ದು ಇಷ್ಟು. ಊರಾಚೆ ಹೊಸದಾಗಿ ಹಂಚಿನ ಕಾರ್ಖಾನೆಯೊಂದು ಶುರುವಾಗಿತ್ತು. ಕೆಲಸ ಕೇಳಿಕೊಂಡು ಹೋದ ಮಗನನ್ನು ಅಲ್ಲಿ ಹಿಂದಕ್ಕೆ ಕಳಿಸಿದ್ದರು. ಅದೇ ದಿನ ಮಂಗಳೂರ ಕಡೆಯ ಹನ್ನೆರಡು ಮಂದಿ ಗಂಟು ಹೊತ್ತು ರೈಲಿನಿಂದ ಇಳಿದು, ಮಧ್ಯಾಹ್ನದ ಹೊತ್ತಿಗೆ ಕೆಲಸಕ್ಕೆ ನಿಂತಿದ್ದರು.

"ಅವರಿಗಿ ಓದಾಕ ಬರೂದಿಲ್ಲಂತ್ರಿ. ನಮ್ಮ ಮಾತೂ ನೆಟ್ಟಗ ಬರೂದಿಲ್ಲ. ಮಣ್ಣು ನಮ್ಮೂರಿಂದು, ನೀರು ನಮ್ಮೂರಿಂದು, ಕೆಲಸ ಅವರಿಗಿ. ಇದು ಹೆಂಗಂತ ತಿಳಿವಲ್ದ್ರಿ."

ನನಗೂ ತಿಳಿಯಲಿಲ್ಲ. ಆದರೆ ಮಾಸ್ತರನಾದವನು ಹಾಗೆನ್ನುವುದು ಹೇಗೆ? ನಾನೇ ಹೋಗಿ ವಿಚಾರಿಸುತ್ತೇನೆಂದೆ.

ಆ ರವಿವಾರ ಬೆಳಗಾವಿಗೆ ಹೋಗದೆ, ಹುಡುಗನನ್ನು ಕರೆದುಕೊಂಡು ಕಾರ್ಖಾನೆಗೆ ಹೋದೆ. ಮ್ಯಾನೇಜರರು ಮರಾಠಿ ಮನೆಮಾತಿನವರು, ಸಭ್ಯರು. ಕುರ್ಚಿ ಕೊಟ್ಟು ಚಹಾ ತರಿಸಿದರು.

"ಬರಿಯಾವ್ರು ನನಗ ಒಬ್ರ ಸಾಕು ಮಾಸ್ತರ, ಅವರು ಅದಾರ. ಮಣ್ಣು ತಿಳಿದವ್ರು ಇಪ್ಪತ್ ಮಂದಿ ಬೇಕು. ಖರೇ ಹೇಳ್ರಿ, ಈ ಹುಡುಗಗ ಏನೇನ್ ಬರತೈತಿ?"

ನಾನು ಹೇಳತೊಡಗಿದೆ. ತ್ರೈರಾಶಿ, ಕ್ಷೇತ್ರಫಲ, ಹಿಂದೂಸ್ಥಾನದ ನಕಾಶೆ, ವ್ಯಾಕರಣ, ಬಾಯಿಪಾಠದ ಪದ್ಯಗಳು. ಹೇಳುತ್ತ ಹೋದಂತೆ ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳಿಸಿತು. ಕೊನೆಗೆ, "ಕಲಿಸಿದ್ರ ಕಲೀತಾನ್ರಿ" ಎಂದೆ.

"ಹಂಗಾರ ಇಲ್ಲಿ ಬಿಡ್ರಿ. ಎಂಟು ದಿನ ನೋಡೂಣು."

ಹುಡುಗನನ್ನು ಕರಾವಳಿಯವರ ಮೇಸ್ತ್ರಿಯ ಕೈಗೆ ಕೊಟ್ಟರು. ಐವತ್ತರ ಹತ್ತಿರದ ಆಸಾಮಿ, ಮನೆಮಾತು ತುಳು. ಅವನು ಮೊದಲು ಮಾಡಿದ ಕೆಲಸವೆಂದರೆ ಒಂದು ಚಿಟಿಕೆ ಜೇಡಿಮಣ್ಣನ್ನು ಹುಡುಗನ ಬಾಯಿಗೆ ಹಾಕಿದ್ದು.

"ಜಗಿ. ಎಂತ ಗೊತ್ತಾಗ್ತದೆ ಹೇಳು."

ಹುಡುಗ ಥೂ ಎಂದು ಉಗುಳಿದ. ಮೇಸ್ತ್ರಿ ಅದೇ ಮಣ್ಣನ್ನು ತನ್ನ ಬಾಯಿಗೆ ಹಾಕಿಕೊಂಡು, ದೇವರ ಪ್ರಸಾದ ತಿನ್ನುವವನಂತೆ ಕಣ್ಣು ಮುಚ್ಚಿ ಜಗಿದು, "ಮರಳು ಜಾಸ್ತಿ ಉಂಟು" ಎಂದ.

ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋಗುತ್ತಿದ್ದೆ. ಮೂರನೆಯ ದಿನ ಹುಡುಗ ಒಂದು ಕಾಗದ ಹಿಡಿದು ನನ್ನ ಕಡೆಗೆ ಓಡಿಬಂದ. ಅಚ್ಚಿನ ಉದ್ದವನ್ನೂ ಒಣಗಿದ ಹಂಚಿನ ಉದ್ದವನ್ನೂ ಅಳೆದು, ಹಂಚು ಒಣಗುವಾಗ ಎಷ್ಟು ಕುಗ್ಗುತ್ತದೆ ಎಂಬುದನ್ನು ಲೆಕ್ಕ ಹಾಕಿದ್ದ. ಅವನ ಕೈ ಹಿಡಿದು ಮೇಸ್ತ್ರಿಯ ಎದುರು ನಿಲ್ಲಿಸಿದೆ. ಮೇಸ್ತ್ರಿ ಎರಡು ಸಲ ಬಿಡಿಸಿ ಹೇಳಿಸಿಕೊಂಡ.

"ಲೆಕ್ಕ ಸರಿ ಉಂಟು ಮಾಸ್ಟ್ರೇ. ಆದರೆ ಅದು ಇವತ್ತಿನ ಮಣ್ಣಿಗೆ. ನಾಳೆ ಗಾಡಿಯಲ್ಲಿ ಬರುವ ಮಣ್ಣು ಬೇರೆ. ಅದು ಎಷ್ಟು ಕುಗ್ಗುತ್ತದೆ ಅಂತ ಕಾಗದ ಹೇಳುವುದಿಲ್ಲ."

ಗೆದ್ದೆವೋ ಸೋತೆವೋ ನನಗೆ ಗೊತ್ತಾಗಲಿಲ್ಲ. ಸುಮ್ಮನಿರಲಾರದೆ ನಾನೇ ಅಂಗಿಯ ತೋಳು ಮಡಚಿ ಅಚ್ಚಿನ ಮುಂದೆ ನಿಂತೆ. ಒತ್ತುವುದೇನೋ ಆಯಿತು. ಹಸಿ ಹಂಚನ್ನು ಎತ್ತಿ ಹಲಗೆಯ ಮೇಲಿಡುವಷ್ಟರಲ್ಲಿ ಅದು ಒದ್ದೆ ಬಟ್ಟೆಯಂತೆ ಬಾಗಿತು. ಹನ್ನೆರಡು ಮಂದಿಯೂ ನಕ್ಕರು. ಅದರಲ್ಲಿ ಕುಹಕವೇನೂ ಇರಲಿಲ್ಲ.

ಎಂಟು ದಿನ ಕಳೆದವು. ಹುಡುಗ ಒಣಗಲಿಟ್ಟ ಹಂಚುಗಳಲ್ಲಿ ಅರ್ಧಕ್ಕರ್ಧ ಸೊಟ್ಟಗಾಗಿದ್ದವು. ಮಣ್ಣು ಹೊರುವ ಕೆಲಸಕ್ಕಾದರೆ ಇರಲಿ, ವರ್ಷ ಎರಡು ವರ್ಷದಲ್ಲಿ ಕೈ ಕೂಡೀತು ಎಂದರು ಮ್ಯಾನೇಜರರು.

ತಂದೆ ಒಪ್ಪಲಿಲ್ಲ. "ಮಣ್ಣು ಹೊರಾಕ ಮುಲ್ಕಿ ಯಾಕ ಬೇಕಿತ್ರಿ? ಹೊಲದಾಗ ನಾ ಹೊರಾಕತ್ತಿಲ್ಲೇನು?" ಎಂದವರೇ, "ನೀವ ಹೇಳ್ರಿ. ಕಳಸಲ್ಯೋ ಬ್ಯಾಡೋ?" ಎಂದು ಕೇಳಿದರು. ಹುಡುಗನೂ ನನ್ನ ಮುಖವನ್ನೇ ನೋಡುತ್ತಿದ್ದ.

"ಬೆಳಗಾವಿಗೆ ಹೋಗಿ ಬಂದು ಹೇಳತೇನಿ" ಎಂದೆ. ಉತ್ತರವನ್ನು ಬೆಳಗಾವಿಯಲ್ಲಿ ಯಾರೋ ನನಗಾಗಿ ತೆಗೆದಿಟ್ಟಿದ್ದಾರೆಂಬಂತೆ.

ಬೆಳಗಾವಿಯ ರವಿವಾರ ಪೇಟೆ ಬೀದಿಯಲ್ಲಿ ನಮ್ಮಪ್ಪನದು ಬೆಲ್ಲದ ಸಗಟು ವ್ಯಾಪಾರದ ಅಂಗಡಿ. ಅಲ್ಲಿಯ ಹಮಾಲರೆಲ್ಲ ಕೊಂಕಣದಿಂದ ಬಂದವರು. ಹುಟ್ಟಿದಾಗಿನಿಂದ ಕಂಡಿದ್ದ ಅವರನ್ನು ಆ ದಿನ ಮೊದಲ ಸಲ ನೋಡಿದಂತಾಯಿತು.

"ಅಪ್ಪಾ, ನಮ್ಮ ಓಣಿ ಹುಡುಗರು ಎಷ್ಟ ಮಂದಿ ಕೆಲಸ ಇಲ್ದ ಕುಂತಾರ. ಅವರನ್ನ್ಯಾಕ ಇಟ್ಕೋಳೂದಿಲ್ಲ?"

ಅಪ್ಪ ಬೆಲ್ಲದ ಪೆಂಟೆಯೊಂದನ್ನು ತಟ್ಟಿ ನೋಡುತ್ತಿದ್ದವರು ತಲೆ ಎತ್ತಲಿಲ್ಲ. "ಇಟ್ಕೊಂಡಿದ್ದೆ. ಬಿಸಲಾದ್ರ ಮನಿಗಿ ಹೋಗತಾರ, ಹಬ್ಬ ಬಂದ್ರ ಮನಿಗಿ ಹೋಗತಾರ. ಕೊಂಕಣದವಗ ಹೋಗಾಕ ಇಲ್ಲಿ ಮನಿ ಇಲ್ಲ, ಅದಕ್ಕ ನಿಲ್ತಾನ. ಅದನ್ನ ನಿಮ್ಮ ಸಾಲ್ಯಾಗ ಹೆಂಗ ಕಲಸ್ತೀ?"

ಗೊಂದಲ ಕಳೆದುಕೊಳ್ಳಲು ಹೋದವನು ಇನ್ನೊಂದಿಷ್ಟನ್ನು ಹೊತ್ತುಕೊಂಡು ರೈಲು ಹತ್ತಿದೆ. ಮನೆ ಇಲ್ಲದಿರುವುದೂ ಒಂದು ವಿದ್ಯೆಯೇ? ಹಾಗಾದರೆ ಹುಡುಗರಿಗೆ ನಾವು ಕೊಡಬೇಕಾದದ್ದು ಏನು, ಕಸಿದುಕೊಳ್ಳಬೇಕಾದದ್ದು ಏನು?

ಸೋಮವಾರ ಶಾಲೆಗೆ ಬಂದರೆ ಕಟ್ಟೆಯ ಮೇಲೆ ಮೇಸ್ತ್ರಿ ಕೂತಿದ್ದ. ಪಕ್ಕದಲ್ಲಿ ಊರಿಂದ ಕರೆಸಿಕೊಂಡ ಎಂಟು ವರ್ಷದ ಮಗಳು, ಎಣ್ಣೆ ಹಚ್ಚಿ ಬಿಗಿದ ಜಡೆ. ಅವಳನ್ನು ಶಾಲೆಗೆ ಸೇರಿಸಿಕೊಳ್ಳಬೇಕಂತೆ. ನಾನು ತಡೆಯಲಾರದೆ ಕೇಳಿಬಿಟ್ಟೆ:

"ನಮ್ಮ ಸಾಲ್ಯಾಗ ಮಣ್ಣಿನ ಕೆಲಸಾನೂ ಕಲಿಸಬೇಕಿತ್ತು ಅಂತ ನಿಮಗ ಅನಸೂದಿಲ್ಲೇನು?"

ಅವನಿಗೆ ಆಶ್ಚರ್ಯವಾಯಿತು. "ಶಾಲೆಯಲ್ಲಿ ಮಣ್ಣು ಎಂತಕ್ಕೆ ಮಾಸ್ಟ್ರೇ? ಮಣ್ಣು ನನ್ನ ಹತ್ತಿರ ಬೇಕಾದಷ್ಟು ಉಂಟು. ನನ್ನ ಹತ್ತಿರ ಇಲ್ಲದ್ದನ್ನು ಅವಳಿಗೆ ಕಲಿಸಿ."

ಅವಳ ಹೆಸರು ಬರೆದುಕೊಂಡೆ. ಅಂದು ಸಂಜೆ ರೈತರ ಮನೆಗೆ ಹೋಗಿ, ಮುಂದಿನ ವರ್ಷ ಮಗನನ್ನು ಬೇರೊಂದು ಪರೀಕ್ಷೆಗೆ ಕೂಡಿಸೋಣ, ಸರ್ಕಾರಿ ಕಚೇರಿಯಲ್ಲಿ ಎಲ್ಲಾದರೂ ನೋಡೋಣ ಎಂದು ಹೇಳಿಬಂದೆ. ಅದು ಉತ್ತರವಲ್ಲ, ಜಾರಿಕೊಳ್ಳುವ ದಾರಿ ಎಂದು ಹೇಳುವಾಗಲೇ ನನಗೆ ಗೊತ್ತಿತ್ತು.

ಹುಡುಗ ನನಗಾಗಿ ಕಾಯಲಿಲ್ಲ. ಕಾರ್ಖಾನೆಯಲ್ಲಿ ಬರೆಯುವ ಕೆಲಸ ಸಿಕ್ಕಿತೆಂದು ಮನೆಯಲ್ಲಿ ಹೇಳಿ, ದಿನಾ ಮುಂಜಾನೆ ಶುಭ್ರ ಧೋತರ ಉಟ್ಟು ಟೋಪಿ ಇಟ್ಟುಕೊಂಡು ಹೋಗುತ್ತಿದ್ದ. ಅಲ್ಲಿ ಹಳೆಯ ಪಂಚೆ ಸುತ್ತಿಕೊಂಡು ಮಣ್ಣು ಹೊರುತ್ತಿದ್ದ. ಸಂಜೆ ಬಾವಿಯಲ್ಲಿ ಮಿಂದು ಮತ್ತೆ ಗುಮಾಸ್ತನಾಗಿ ಮನೆ ಸೇರುತ್ತಿದ್ದ. ನನಗೆ ಇದು ವಾರದೊಳಗೇ ಗೊತ್ತಾಯಿತು. ಅವನ ತಂದೆಗೆ ಹೇಳುವುದು ಸರಿಯೋ ಹೇಳದಿರುವುದು ಸರಿಯೋ ತೋಚದೆ ಒಂದು ವರ್ಷ ಸುಮ್ಮನಿದ್ದೆ.

ಸುಗ್ಗಿ ಮುಗಿದ ಮೇಲೆ ಒಡೆಯದಂತೆ ಹಂಚು ಕಟ್ಟಲು ಕಾರ್ಖಾನೆಗೆ ಭತ್ತದ ಹುಲ್ಲು ಬೇಕಾಯಿತು. ಗಾಡಿ ತುಂಬಿಕೊಂಡು ಹೋದವರು ಆ ತಂದೆಯೇ. ಸುದ್ದಿ ತಿಳಿದು ನಾನು ಶಾಲೆಯಿಂದ ಧಾವಿಸಿದಾಗ ಅವರು ಅಚ್ಚಿನ ಮನೆಯ ಬಾಗಿಲಲ್ಲಿ ನಿಂತಿದ್ದರು. ಒಳಗೆ, ಮಣ್ಣು ಹೊರುವುದರಿಂದ ಅಷ್ಟರಲ್ಲಿ ಅಚ್ಚಿನ ಕೆಲಸಕ್ಕೆ ಏರಿದ್ದ ಮಗ ಮೊಣಕೈವರೆಗೆ ಕೆಸರಾಗಿ ಹಂಚು ಎತ್ತಿಡುತ್ತಿದ್ದ. ತಂದೆಯನ್ನು ಕಂಡರೂ ಕೈ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಹಂಚು ಕೆಡುತ್ತಿತ್ತು.

"ನಿಮಗ ಗೊತ್ತಿತ್ತೇನ್ರಿ ಮಾಸ್ತರ?"

"ಗೊತ್ತಿತ್ರಿ."

ಅವರು ಒಣಗಿದ ಹಂಚೊಂದನ್ನು ಕೈಗೆತ್ತಿಕೊಂಡು, ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚು ನೋಡಿದರು. ಸೊಟ್ಟಗಿರಲಿಲ್ಲ. "ಇದನ್ನ ಮಾಡಿದವ ಇವನೇನು?" ಎಂದು ಮೇಸ್ತ್ರಿಯನ್ನು ಕೇಳಿದರು. ಮೇಸ್ತ್ರಿ ಹೌದೆಂದು ತಲೆಯಾಡಿಸಿದ. ತಂದೆ ಹಂಚನ್ನು ಇದ್ದಲ್ಲೇ ಇಟ್ಟು, ಹುಲ್ಲು ಇಳಿಸಲು ಹೋದರು. ಸಂತೋಷವೋ ದುಃಖವೋ, ಆ ಮುಖದಲ್ಲಿ ನನಗೆ ಓದಲಾಗಲಿಲ್ಲ.

ಮತ್ತೆರಡು ವರ್ಷಕ್ಕೆ ಹುಡುಗ ಮೇಸ್ತ್ರಿಯ ತಂಡದ ಜೊತೆ ಘಟ್ಟದ ಕೆಳಗಿನ ಇನ್ನೊಂದು ಕಾರ್ಖಾನೆಗೆ ಹೊರಟುಹೋದ. ಅಲ್ಲಿಂದ ನನಗೆ ಒಂದು ಕಾಗದ ಬಂತು, ನಾನೇ ತಿದ್ದಿಸಿದ ದುಂಡು ಅಕ್ಷರದಲ್ಲಿ. ಕೆಲಸ ಚೆನ್ನಾಗಿದೆ, ಹಂಚು ಸುಡುವ ಭಟ್ಟಿಯ ಜವಾಬ್ದಾರಿ ಕೊಟ್ಟಿದ್ದಾರೆ. ಆದರೆ ಆ ಊರಿನ ಕೆಲವರು ದಿನಾ ಗೇಟಿಗೆ ಬಂದು, ಶಾಲೆ ಕಲಿತ ನಮ್ಮ ಮಕ್ಕಳನ್ನು ಬಿಟ್ಟು ಹೊರಗಿನವರಿಗೆ ಏಕೆ ಕೆಲಸ ಕೊಡುತ್ತೀರಿ ಎಂದು ಕೇಳುತ್ತಾರೆ. "ಅವರಿಗೆ ಏನು ಹೇಳಬೇಕು, ತಿಳಿಸಿರಿ" ಎಂದು ಬರೆದಿದ್ದ.

ಮೂರು ಸಲ ಉತ್ತರ ಬರೆದು ಮೂರು ಸಲ ಹರಿದೆ. ಕೊನೆಗೆ ಅವನ ತಂದೆ ಆರಾಮಿದ್ದಾರೆ, ಈ ಸಲ ಮಳೆ ಚೆನ್ನಾಗಿದೆ ಎಂದಷ್ಟೇ ಬರೆದು ಟಪಾಲಿಗೆ ಹಾಕಿದೆ.