ಎಲೆಕೋಸಿನ ಆಟೋ ಮತ್ತು ಅಪ್ಪನ ಪಂಚಾಂಗ

1997ನೇ ಇಸವಿ. ಆಷಾಢ ಶುರುವಾಗಿ ಒಂದು ವಾರವಾಗಿತ್ತು. ಬೆಳಿಗ್ಗೆ ಕಚೇರಿಗೆ ಹೊರಟಿದ್ದೆ. ಚಾಮರಾಜಪೇಟೆಯ ಐದನೇ ಮುಖ್ಯರಸ್ತೆಯಲ್ಲಿ ಎಲೆಕೋಸು ತುಂಬಿದ ಒಂದು ಲಗೇಜ್ ಆಟೋ ಅಡ್ಡರಸ್ತೆಯಿಂದ ನುಗ್ಗಿ ಬಂದು ನನ್ನ ಸ್ಕೂಟರಿಗೆ ಗುದ್ದಿತು. ಸ್ಕೂಟರು ಒಂದು ಕಡೆ, ನಾನು ಒಂದು ಕಡೆ, ಊಟದ ಡಬ್ಬಿ ಇನ್ನೊಂದು ಕಡೆ. ಎಡಗೈ ಮೂಳೆ ಮುರಿಯಿತು. ನನ್ನ ಸರ್ಕಾರಿ ಸೇವೆಯಲ್ಲಿ ಇಷ್ಟು ಗಟ್ಟಿಯಾದ ಕಾರಣ ಕೊಟ್ಟು ರಜೆ ಹಾಕಿದ್ದು ಅದೇ ಮೊದಲು.

ಗುದ್ದಿದವನು ಅಪರಿಚಿತನಲ್ಲ. ನಮ್ಮ ಬೀದಿಯ ಅಂಗಡಿಗಳಿಗೆ ಕಲಾಸಿಪಾಳ್ಯದಿಂದ ತರಕಾರಿ ತಂದು ಹಾಕುತ್ತಿದ್ದ ನಂಜಪ್ಪ. ಓಡಿ ಬಂದು ನನ್ನನ್ನು ಎತ್ತಿ, ಕೋಸುಗಳನ್ನು ಪಕ್ಕಕ್ಕೆ ಸರಿಸಿ, ಅದೇ ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದ. ದಾರಿಯುದ್ದಕ್ಕೂ ಅವನು ಅಳುತ್ತಿದ್ದ, ನಾನು ಸಮಾಧಾನ ಮಾಡುತ್ತಿದ್ದೆ. ಮೇಷ್ಟ್ರ ಮಗನಿಗೇ ಗುದ್ದಿಬಿಟ್ಟೆನಲ್ಲ ಅನ್ನುವುದು ಅವನ ಸಂಕಟ; ಬೇರೆ ಯಾರಿಗಾದರೂ ಆಗಿದ್ದರೆ ಪರವಾಗಿರಲಿಲ್ಲ ಎಂಬಂತೆ.

ಮೇಷ್ಟ್ರು ಅಂದರೆ ನನ್ನ ತಂದೆ. ಮಿಡ್ಲ್ ಸ್ಕೂಲಿನಿಂದ ನಿವೃತ್ತರಾದ ಮೇಲೆ ಜಗುಲಿಯಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು, ಪಂಚಾಂಗವನ್ನು ತೊಡೆಯ ಮೇಲಿಟ್ಟುಕೊಂಡು, ಕೇಳಿದವರಿಗೆಲ್ಲ ಒಳ್ಳೆಯ ದಿನ ನೋಡಿ ಹೇಳುತ್ತಿದ್ದರು. ಗೃಹಪ್ರವೇಶಕ್ಕೆ, ಮಗುವಿನ ಕಿವಿ ಚುಚ್ಚುವುದಕ್ಕೆ, ಒಮ್ಮೆ ಯಾರದೋ ಹಲ್ಲು ಕೀಳಿಸುವುದಕ್ಕೂ. ದಕ್ಷಿಣೆ ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಶಾಲು ಹೊದ್ದು ಅವರು ಕೂತರೆಂದರೆ ಮೈಸೂರು ಮಹಾರಾಜರ ದರ್ಬಾರೂ ಅದರ ಮುಂದೆ ಸಪ್ಪೆ. ಅಮ್ಮ ಹೋದ ಮೇಲೆ ಅವರನ್ನು ಬದುಕಿಸಿ ಇಟ್ಟಿದ್ದೇ ಆ ದರ್ಬಾರು.

ಸ್ಕೂಟರಿನ ರಿಪೇರಿಗೆ ನನ್ನದೇ ಇನ್ಶೂರೆನ್ಸ್ ಇತ್ತು. ಕೈಗೆ ರಾಡು ಹಾಕಿಸಿದ ಖರ್ಚು ಮಾತ್ರ ಎದುರು ಗಾಡಿಯ ಇನ್ಶೂರೆನ್ಸಿನಿಂದ, ಕೋರ್ಟಿನ ಮೂಲಕ ಬರಬೇಕು. ವಿಚಾರಿಸಿದರೆ ನಂಜಪ್ಪನ ಆಟೋಗೆ ಇನ್ಶೂರೆನ್ಸೇ ಇಲ್ಲ. ಹಳೇ ಆಟೋ ಕೊಂಡಿದ್ದ. ಹಿಂದಿನ ಮಾಲೀಕನ ಪಾಲಿಸಿ ಮುಗಿದಿತ್ತು, ಹೊಸದನ್ನು ಮಾಡಿಸಿರಲಿಲ್ಲ. ಹಾಗಾದರೆ ಅವನ ಮೇಲೇ ಕೇಸು ಹಾಕಬೇಕು, ಗೆದ್ದರೆ ಅವನು ಆಟೋ ಮಾರಿಯಾದರೂ ಕಟ್ಟಿಕೊಡಬೇಕು ಎಂದು ನಮ್ಮ ನೆಂಟರು, ಕಚೇರಿ, ಬೀದಿ, ಎಲ್ಲರೂ ಒಮ್ಮತದ ತೀರ್ಪಿತ್ತರು. ಕಟ್ಟು ಹಾಕಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ನಾನೂ ನ್ಯಾಯಕ್ಕಾಗಿ ಪ್ರಾಣ ಕೊಡುವವನ ಮುಖ ಮಾಡಿಕೊಂಡಿದ್ದೆ.

ಒಂದು ಬೆಳಿಗ್ಗೆ ಇನ್ಶೂರೆನ್ಸಿನ ಸರ್ವೇಯರು ಸ್ಕೂಟರು ನೋಡಲು ಮನೆಗೆ ಬಂದರು. ಸೌಮ್ಯ ಮನುಷ್ಯ. ಸಾವಿನ ಮನೆಗೆ ಬಂದವರ ಹಾಗೆ ಮೌನವಾಗಿ ಸ್ಕೂಟರಿಗೆ ಒಂದು ಪ್ರದಕ್ಷಿಣೆ ಹಾಕಿ, ಜಗುಲಿಯಲ್ಲಿ ಕಾಫಿಗೆ ಕೂತರು. ಎದುರು ಗಾಡಿಯ ವಿವರ ಬೇಕಾಗಿದ್ದರಿಂದ ನಂಜಪ್ಪನನ್ನೂ ಕರೆಸಿದ್ದೆ. ಅಪ್ಪ ತಮ್ಮ ಕುರ್ಚಿಯಲ್ಲಿದ್ದರು.

ಇನ್ಶೂರೆನ್ಸ್ ಯಾಕಪ್ಪಾ ಮಾಡಿಸಲಿಲ್ಲ ಅಂತ ಸರ್ವೇಯರು ಕೇಳಿದರು.

"ಮರ್ತೋಯ್ತು ಸಾರ್," ಅಂದ ನಂಜಪ್ಪ.

ಅವರು ತಲೆಯಾಡಿಸಿ ಬರೆದುಕೊಂಡರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನೊಳಗಿದ್ದ ವಕೀಲ ಎದ್ದು ನಿಂತಿದ್ದ.

"ಯಾವ ಅಂಗಡಿಗೆ ಎಷ್ಟು ಕೆಜಿ ಬೀನ್ಸು ಅನ್ನೋದು ಮರೆಯಲ್ಲ, ಇದೊಂದು ಮರೆತುಹೋಯ್ತೇನಯ್ಯಾ? ಏಜೆಂಟು ಫಾರಂ ತಂದುಕೊಟ್ಟಿದ್ದ ಅಂತ ಆಸ್ಪತ್ರೇಲಿ ನೀನೇ ಹೇಳಿದೆ. ಫಾರಂ ಕೈಲಿಟ್ಕೊಂಡು ಮರೆಯೋದು ಹೇಗೆ? ನಿಜ ಹೇಳು. ಇಲ್ಲದಿದ್ರೆ ನಾನು ಕೋರ್ಟಿಗೆ ಹೋಗೋನೇ."

ಸಾಕು ಮಾಡಿ ಅನ್ನುವ ಹಾಗೆ ಅವನು ನನ್ನನ್ನೇ ನೋಡಿದ. ಸಿಕ್ಕಿಬಿದ್ದವನ ಮುಖ ಹೀಗೇ ಇರುತ್ತದೆ ಅಂದುಕೊಂಡೆ.

"ಹೋಗಿ ಸಾರ್. ಆಟೋ ಮಾರ್ಸಿ. ನಾನು ಮರ್ತಿದ್ದು ಮರ್ತಿದ್ದೇಯ."

ಆಗ ಅಪ್ಪ ಕೆಮ್ಮಿದರು.

"ನಂಜಪ್ಪ, ಅಮಾವಾಸ್ಯೆ ಮಾರನೇ ದಿನ ಬಂದು, ಒಂದು ಹೊಸ ಕಾಗದಕ್ಕೆ ಸಹಿ ಹಾಕಿ ದುಡ್ಡು ಕಟ್ಟಬೇಕು, ದಿನ ಹೇಳಿ ಅಂದಿದ್ದೆಯಲ್ಲ. ಆಷಾಢ ಬಂತು, ಶ್ರಾವಣ ಬರೋವರೆಗೂ ತಡಿ ಅಂದಿದ್ದೆ. ಯಾವ ಕಾಗದ ಅಂತ ನಾನು ಕೇಳಲಿಲ್ಲ. ಅದು ಇದೇನಾ?"

ನಂಜಪ್ಪ ನೆಲ ನೋಡಿದ. "ಅದು ಬ್ಯಾರೆ ಕಾಗ್ದ ಮೇಷ್ಟ್ರೇ. ಸೊಸೈಟೀದು."

"ಸೊಸೈಟೀದಾ?"

"ಹೂಂ."

ಆಯುಷ್ಯವೆಲ್ಲ ಮಕ್ಕಳ ಸುಳ್ಳು ಕೇಳಿದ್ದ ಅಪ್ಪನಿಗೆ ಅಷ್ಟು ಸಾಕಾಗಿತ್ತು. ಸರ್ವೇಯರ ಕಡೆ ತಿರುಗಿ, "ನನ್ನ ಹೆಸರನ್ನೂ ಬರೆದುಕೊಳ್ಳಿ" ಅಂದರು. ಅದಕ್ಕೆ ಇದರಲ್ಲಿ ಜಾಗವಿಲ್ಲ ಸ್ವಾಮಿ ಅಂದು, ಸರ್ವೇಯರು ಕಾಫಿ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟರು.

ನಾನು ಕೇಸು ಹಾಕಲಿಲ್ಲ. ಸ್ಕೂಟರಿನ ಕ್ಲೇಮು, ಸವೆತದ ಬಾಬ್ತು ಕಳೆದು, ಕಾಲಕ್ರಮೇಣ ಬಂತು. ಮೂಳೆಯೂ ಕೂಡಿಕೊಂಡಿತು.

ಸರ್ವೇಯರು ಬಂದುಹೋದ ಮಾರನೇ ಬೆಳಿಗ್ಗೆಯೇ ನಂಜಪ್ಪ ಮತ್ತೆ ಬಂದಿದ್ದ. ಕೈಯಲ್ಲಿ ಏಜೆಂಟಿನ ಫಾರಂ. ಶ್ರಾವಣದಲ್ಲಿ ಯಾವ ದಿನ ಒಳ್ಳೇದು ನೋಡಿ ಹೇಳಿ ಮೇಷ್ಟ್ರೇ ಅಂದ. ಏನೂ ಆಗಿಲ್ಲವೆಂದು ತೋರಿಸುವುದಕ್ಕೇ ಬಂದಿದ್ದನೆಂದು ಈಗ ನನಗೆ ಅನ್ನಿಸುತ್ತದೆ. ಅಪ್ಪ ಪಂಚಾಂಗ ತೆಗೆಯಲಿಲ್ಲ.

"ಇವತ್ತೇ ಹೋಗಿ ಮಾಡಿಸು."

"ಇನ್ನೂ ಆಷಾಢ ಐತಲ್ಲ ಮೇಷ್ಟ್ರೇ."

"ಇರಲಿ. ಹೋಗು."

ಅಪ್ಪ ಹೇಳಿದ ಕೊನೆಯ ದಿನ ಅದು. ಆಮೇಲೆ ಯಾರೇ ಬಂದರೂ ಕಣ್ಣು ಸರಿಯಾಗಿ ಕಾಣಲ್ಲ ಅನ್ನುತ್ತಿದ್ದರು. ಪೇಪರಿನಲ್ಲಿ ಸಣ್ಣಕ್ಷರದ ಟೆಂಡರು ನೋಟೀಸನ್ನೂ ಬಿಡದೆ ಓದುತ್ತಿದ್ದವರು! ಕೆಲವರು ಮೂರು ನಾಲ್ಕು ಸಲ ಬಂದು ನೋಡಿದರು, ಆಮೇಲೆ ಪಕ್ಕದ ಬೀದಿಯ ಜೋಯಿಸರನ್ನು ಹುಡುಕಿಕೊಂಡರು. ಬೆತ್ತದ ಕುರ್ಚಿ ಜಗುಲಿಯಿಂದ ನಡುಮನೆಗೆ ಬಂತು. ಊರೆಲ್ಲ ಆಷಾಢ ನೋಡುತ್ತೆ, ಇದರಲ್ಲಿ ನಿಮ್ಮ ತಪ್ಪೇನಿದೆ ಅಂತ ನಾನೊಮ್ಮೆ ಧೈರ್ಯ ಮಾಡಿ ಕೇಳಿದೆ. ಅದಕ್ಕೆ ಅವರು, ಚಳಿಗೆ ನಿನ್ನ ಕೈ ನೋಯುತ್ತಾ ಅಂತ ಕೇಳಿದರು, ಅಷ್ಟೆ.

2003ರಲ್ಲಿ ನನ್ನ ಮಗಳ ಮದುವೆ ಗೊತ್ತಾಯಿತು. ಮೊಮ್ಮಗಳ ಮದುವೆಗಾದರೂ ಇಲ್ಲವೆನ್ನಲಾರರು ಅಂದುಕೊಂಡು, ದಿನ ನೋಡಿಕೊಡಿ ಅಂದೆ. "ಛತ್ರ ಯಾವತ್ತು ಖಾಲಿ ಇದೆಯೋ ಅವತ್ತು ಇಟ್ಕೊಳ್ಳಿ" ಅಂದರು. ಹಾಗೇ ಇಟ್ಟುಕೊಂಡೆವು.

ಮದುವೆಯ ಹಿಂದಿನ ದಿನ ಛತ್ರಕ್ಕೆ ತರಕಾರಿ ತಂದಿಳಿಸಿದವನು ನಂಜಪ್ಪನೇ. ಮೂಟೆಗಳನ್ನು ಇಳಿಸಿ, ಬೆವರು ಒರೆಸಿಕೊಳ್ಳುತ್ತ, ಮುಹೂರ್ತ ಮೇಷ್ಟ್ರೇ ನೋಡಿದ್ರಾ ಅಂತ ಆಸೆಯಿಂದ ಕೇಳಿದ. ಇಲ್ಲ ಅಂದೆ. ಅಪ್ಪ ಒಳಬಾಗಿಲ ಪಕ್ಕದಲ್ಲಿ ಸುಮ್ಮನೆ ಕೂತಿದ್ದರು. ಅವರ ಕಡೆ ನೋಡಿದ ನಂಜಪ್ಪ ದನಿ ತಗ್ಗಿಸಿ, "ನಾನು ಕೇಳ್ಬಾರ್ದಾಗಿತ್ತು ಸಾರ್" ಅಂದ.

ಅದು ಅಪ್ಪನಿಗೆ ನಾನು ಹೇಳಬೇಕಾಗಿದ್ದ ಮಾತು; ಅವತ್ತು ಜಗುಲಿಯಲ್ಲಿ ಕೆದಕಿ ಕೆದಕಿ ಕೇಳಿದವನು ನಾನು. ಅವನು ನಿಂತ ನಿಲುವಿನಲ್ಲೇ ಹೇಳಿಬಿಟ್ಟ. ಅಪ್ಪ ಇರುವವರೆಗೂ ನನ್ನ ಬಾಯಿಂದ ಬರಲಿಲ್ಲ.