ಮುದ್ದೆ ಅಗಿದ ಭಾನುವಾರ

ಕಳೆದ ಭಾನುವಾರ ಜಗಳೂರಿನ ಅಕ್ಕನ ಮನೆಯಲ್ಲಿ ನಾನು ಮುದ್ದೆ ಅಗಿದೆ.

ನಮ್ಮ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು, ನನ್ನ ಪರವಾಗಿ ಅವರೇ ತಲೆ ತಗ್ಗಿಸುತ್ತಾರೆ. ಮುದ್ದೆ ನುಂಗುವ ವಸ್ತು. ಐವತ್ತೆಂಟು ವರ್ಷದವನು, ಅದೂ ಯೂನಿವರ್ಸಿಟಿಯಲ್ಲಿ ಓದಿದವನು, ಹೀಗೆ ಮಾಡಬಹುದೇ?

ತಪ್ಪು ಓದಿನದೇ. ಈಚೆಗೆ ನನ್ನ ನೆನಪಿನ ಮೇಲೆ ನನಗೇ ಅನುಮಾನ. ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಗೆಳೆಯನೊಬ್ಬ ತಬ್ಬಿಕೊಂಡ. ಹೆಸರು ಬರಲೇ ಇಲ್ಲ. (ಟೀ ಕುಡಿಸಿ ಕಳಿಸಿದೆ. ಹೆಸರು ಇನ್ನೂ ಬಂದಿಲ್ಲ.) ಸೋಮವಾರಕ್ಕೆ ದಾವಣಗೆರೆಯಲ್ಲಿ ನರರೋಗದ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಅಲ್ಲಿಯವರೆಗೆ ಸುಮ್ಮನಿರಬೇಕಲ್ಲ? ನರಮಂಡಲದ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಓದಿದ್ದನ್ನು ಊಟಕ್ಕೆ ಕೂತಾಗ ಭಾವನ ಮುಂದೆ ಬಿಚ್ಚಿದೆ.

"ತುತ್ತನ್ನು ನಾಲಿಗೆ ಹಿಂದಕ್ಕೆ ತಳ್ಳೋ ತನಕ ಅಷ್ಟೇ ನಮ್ಮ ಕೆಲಸ, ಭಾವ. ಆಮೇಲೆ ಗಂಟಲಿನ ನರ ಮಿದುಳಿನ ಬುಡಕ್ಕೆ ಸುದ್ದಿ ಮುಟ್ಟಿಸ್ತೈತೆ. ಅಲ್ಲಿಂದ ಆರ್ಡರ್! ಉಸಿರು ಒಂದು ಗಳಿಗೆ ನಿಲ್ತೈತೆ, ಶ್ವಾಸನಾಳದ ಬಾಗಿಲು ಮುಚ್ತೈತೆ, ತುತ್ತು ಕೆಳಗೆ. ನಮ್ಮನ್ನ ಯಾರೂ ಕೇಳಲ್ಲ."

ಹುರುಳಿ ಸಾರಿನಲ್ಲಿ ಹೊರಳಿಸಿದ ತುತ್ತನ್ನು ಬಾಯಿಗಿಟ್ಟೆ. ಈಗ ನಾಲಿಗೆ ತಳ್ಳಬೇಕು. ತಳ್ಳಿತೇ? ಎಷ್ಟು ತಳ್ಳಬೇಕು? ಹೀಗೆ ಕಾವಲು ಕೂತೆ ನೋಡಿ, ತುತ್ತು ಅಲ್ಲೇ ನಿಂತಿತು. ಬೇರೆ ದಾರಿ ಕಾಣದೆ ಅಗಿದೆ.

"ಏ ನೋಡೇ ಇಲ್ಲಿ, ನಿನ್ನ ತಮ್ಮ ಮುದ್ದೆ ಅಗಿಯಾಕೆ ಹತ್ತ್ಯಾನೆ!"

ಭಾವನ ನಗುವಿಗೆ ತಟ್ಟೆ ಅಲುಗಿತು. ನಾನು ಲೆಕ್ಕ ಹಾಕುತ್ತಿದ್ದೆ. ಹೆಸರುಗಳು ಹೋದವು. ಈಗ ನುಂಗುವುದೂ ಮರೆತುಹೋಯಿತೇ?

ಅಕ್ಕ ಸಾರು ಬಡಿಸುತ್ತ ಕೇಳಿದಳು: "ಅಲ್ಲೋ ತಮ್ಮ, ನಿನಗೆ ಮುದ್ದೆ ನುಂಗಾಕೆ ಕಲಿಸಿದ್ದು ಯಾರು?"

"ಅವ್ವ. ಹೊನ್ನಾಳ್ಯಾಗೆ ಇದ್ದಾಗ." ಅನುಮಾನವೇ ಇಲ್ಲ. ಈ ಅಂಕಣದಲ್ಲೇ ಎರಡು ಸಲ ಬರೆದಿದ್ದೇನೆ.

"ಥೂ ನಿನ್ನ! ಕಲಿಸಿದ್ದು ನಾನು ಕಣೋ. ಅಪ್ಪಗೆ ನ್ಯಾಮತಿಗೆ ವರ್ಗ ಆದಮ್ಯಾಗೆ. ಪೇಪರ್‌ನಾಗೆ ಹಿಂಗೆ ಸುಳ್ಳು ಬರೀತೀಯಲ್ಲ, ಓದೋರು ಸುಮ್ನೆ ಬಿಡ್ತಾರಾ?"

ನಾನು ಬಿಡುತ್ತೇನೆಯೇ? ಹೊನ್ನಾಳಿ ಮನೆಯ ಅಡುಗೆಕೋಣೆ, ತುತ್ತು ಕೊಟ್ಟ ಅವ್ವನ ಕೈಯ ಹಸಿರು ಬಳೆ, ಎಲ್ಲ ಸಾಕ್ಷಿ ಹೊರಗೆ ತೆಗೆದೆ.

"ಆ ಹಸಿರು ಬಳೆ ನಂದು!" ಅಂದಳು. ನಾನು ದನಿ ಏರಿಸಿದೆ. ಅವಳೂ ಏರಿಸಿದಳು.

"ಸ್ವಲ್ಪ ತಟ್ಟೆ ನೋಡ್ಕೊಳ್ರೀ ಮೇಷ್ಟ್ರೇ," ಎಂದರು ಭಾವ.

ಖಾಲಿ! ಇಡೀ ಮುದ್ದೆ ಇಳಿದಿತ್ತು. ಯಾವಾಗ ಇಳಿಯಿತು? ನನ್ನನ್ನು ಕೇಳಬೇಡಿ.

ಅಕ್ಕ ಇನ್ನೊಂದು ಮುದ್ದೆ ಹಾಕಿ ನಕ್ಕಳು. "ಅವತ್ತೂ ಹಿಂಗೇ, ಜಗಳ ತೆಗೆದೇ ನುಂಗಿಸಿದ್ದು."

ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ? (ತಿದ್ದುಪಡಿ: ಹಿಂದಿನ ಎರಡೂ ಬರಹಗಳಲ್ಲಿ ಅವ್ವ ಎಂದಿರುವಲ್ಲಿ ದಯವಿಟ್ಟು ಅಕ್ಕ ಎಂದು ಓದಿಕೊಳ್ಳಿ.) ಎರಡನೆಯ ಮುದ್ದೆಯನ್ನು ನರಮಂಡಲಕ್ಕೆ ಬಿಟ್ಟುಕೊಟ್ಟು, ನಾನು ಹಾಯಾಗಿ ಜಗಳ ಮುಂದುವರಿಸಿದೆ.

ಸೋಮವಾರ ಡಾಕ್ಟರು ಕೇಳಿದರು: "ನೆನಪು ಹೆಂಗೈತ್ರೀ?"

"ನನ್ನದೋ ಸಾರ್, ನನ್ನ ಗಂಟಲಿನದೋ?" ಎಂದೆ.