ಕಂಡಕ್ಟರ್ ಮಾವನ ಚೆಕಿಂಗ್ ಸ್ಲೈಡು

ಗಟ್ಟಿ ನೆಲದ ಮೇಲೂ ಕಂಡಕ್ಟರ್ ಮಾವ ಓಡುವ ಬಸ್ಸಿನೊಳಗೆ ನಿಂತ ಹಾಗೇ ನಿಲ್ಲುತ್ತಿದ್ದರು. ಕಾಲೆರಡೂ ಅಗಲ, ಸೊಂಟ ನಮ್ಮ ಮನೆಯ ಫ್ರಿಜ್ಜಿಗೋ ಬಾಗಿಲ ಚೌಕಟ್ಟಿಗೋ ಆನಿಕೆ, ಎಡಗೈ ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಿಸಿ ಸಿಕ್ಕಿಸಿಕೊಂಡ ಕಾಗದಗಳು. ಸರ್ವಿಸಿನಲ್ಲಿದ್ದಾಗ ಆ ಸಂದಿಯಲ್ಲಿ ನೋಟುಗಳಿರುತ್ತಿದ್ದವಂತೆ. ನಾನು ಕಂಡ ಕಾಲಕ್ಕೆ ಜಾತಕದ ಜೆರಾಕ್ಸುಗಳು. ಕೂತುಕೊಳ್ಳಿ ಎಂದರೆ ಕೂರುವ ಆಸಾಮಿಯಲ್ಲ. ಕಾಫಿಯನ್ನೂ ನಿಂತೇ ಕುಡಿದು, ಹೊರಡುವಾಗ ಬಾಗಿಲಿಗೆ ಎರಡು ಸಲ ತಟ್ಟಿ ಹೋಗುತ್ತಿದ್ದರು. ತುಮಕೂರು ಶೆಟ್ಟಿಹಳ್ಳಿಯ ನಮ್ಮ ಮನೆಯ ಬಾಗಿಲನ್ನು ಹಾಗೆ ತಟ್ಟಿದವರು ಅವರೊಬ್ಬರೇ.

ಅವರು ಕುಣಿಗಲ್ ಕಡೆಯವರು, ಹುತ್ರಿದುರ್ಗದ ಹತ್ತಿರ ನಮ್ಮಮ್ಮನ ಊರಿನವರೇ. ರಕ್ತಸಂಬಂಧ ಏನೂ ಇಲ್ಲ. ಅಮ್ಮ ಅವರನ್ನು ಅಣ್ಣಯ್ಯ ಎನ್ನುತ್ತಿದ್ದಳು, ಆದ್ದರಿಂದ ನನಗೆ ಮಾವ. ಸರ್ಕಾರಿ ಬಸ್ಸಿನಲ್ಲಿ ಕುಣಿಗಲ್ಲಿನಿಂದ ತುಮಕೂರು, ತುಮಕೂರಿನಿಂದ ಗುಬ್ಬಿ ಎಂದು ಅದೇ ರಸ್ತೆಯಲ್ಲಿ ಆಯುಷ್ಯ ಸವೆಸಿದ ಮನುಷ್ಯ. ಯಾವ ಮನೆಯ ಹುಡುಗಿ ಪಾಸು ತೋರಿಸಿ ಕಾಲೇಜಿಗೆ ಹೋದಳು, ಯಾವ ಹುಡುಗ ಮುದುಕರಿಗೆ ಸೀಟು ಬಿಟ್ಟುಕೊಟ್ಟ, ಯಾರು ಚಿಲ್ಲರೆಗಾಗಿ ಇಡೀ ಬಸ್ಸನ್ನೇ ತಲೆ ಮೇಲೆ ಹೊತ್ತುಕೊಂಡ, ಎಲ್ಲವೂ ಅವರ ತಲೆಯಲ್ಲಿತ್ತು. ಇಷ್ಟು ಸರಕು ಇಟ್ಟುಕೊಂಡು ನಿವೃತ್ತಿಯಾದ ಮೇಲೆ ಸುಮ್ಮನಿರುವುದು ಹೇಗೆ? ಗಂಡು ಹೆಣ್ಣು ಕೂಡಿಸುವ ಕೆಲಸಕ್ಕೆ ಇಳಿದರು. ಬ್ರೋಕರ್ ಎಂದರೆ ಮಾತ್ರ ಮುಖ ಕೆಂಪಗಾಗುತ್ತಿತ್ತು. ತಾನು ಇವತ್ತಿಗೂ ಕಂಡಕ್ಟರೇ, ಹತ್ತಿಸುವುದು ತನ್ನ ಕೆಲಸ, ಆಮೇಲೆ ಗುದ್ದಾಡಿಕೊಂಡು ಹೋಗುವುದು ಪ್ಯಾಸೆಂಜರ್ ಕೆಲಸ ಎನ್ನುತ್ತಿದ್ದರು.

ಮೊದಮೊದಲು ಫೋಟೋ ಹಿಡಿದುಕೊಂಡು ಮನೆಮನೆ ತಿರುಗುತ್ತಿದ್ದರು. ಫೋಟೋಗಳನ್ನು ಫೋನಿನಲ್ಲೇ ಒಂದರ ಹಿಂದೊಂದು ಪೋಣಿಸಿ, ಹಿನ್ನೆಲೆಗೆ ಸಂಗೀತ ಹಾಕಿ, ಊರಿಗೆಲ್ಲ ಕಳಿಸಬಹುದು ಎಂದು ಅವರ ಮನೆಯ ಸೊಸೆ ತೋರಿಸಿಕೊಟ್ಟದ್ದೇ ತಡ, ಮಾವನಿಗೆ ಹುಚ್ಚು ಹತ್ತಿತು. ಹುಡುಗಿಯ ಫೋಟೋ, ಮನೆಯ ಫೋಟೋ, ಅಪ್ಪ ಅಮ್ಮನದು, ಓದು, ಕೆಲಸ, ನಕ್ಷತ್ರ, ಕೊನೆಗೆ ಕೈಮುಗಿದ ಒಂದು ಚಿತ್ರ. ಅದನ್ನು ಯೂಟ್ಯೂಬಿಗೆ ಏರಿಸಿ ಲಿಂಕನ್ನು ನಮ್ಮವರ ವಾಟ್ಸಾಪ್ ಗುಂಪಿಗೆ ಬಿಡುವರು. ಮೊದಲು ಸಿನಿಮಾ ಹಾಡು ಹಾಕಿದರು, ಅದೇ ಯಡವಟ್ಟಾಯಿತು. ಜನ ಹಾಡು ಕೇಳಿದರೇ ಹೊರತು ಹುಡುಗಿಯನ್ನು ನೋಡಲಿಲ್ಲ. ಗಂಡಿನ ತಂದೆಯೊಬ್ಬರು, ಹಾಡು ಬಲು ಚೆನ್ನಾಗಿದೆ, ಇಂಥದ್ದೇ ಇನ್ನೊಂದಿದ್ದರೆ ಕಳಿಸಿ ಎಂದು ಬರೆದರಂತೆ.

ಆಗ ಮಾವ ತಮ್ಮ ಹಳೇ ಡ್ರೈವರನ್ನು ಹಿಡಿದರು. ಗುಬ್ಬಿಯವರು. ಇವರು ಟಿಕೆಟ್ ಹರಿದಷ್ಟು ಕಾಲವೂ ಅವರು ಸ್ಟೀರಿಂಗ್ ಹಿಡಿದವರು. ರಜೆ ಸಿಕ್ಕರೆ ಹಳ್ಳಿ ನಾಟಕಗಳಿಗೆ ಹಾರ್ಮೋನಿಯಂ ಬಾರಿಸುತ್ತಿದ್ದವರು. ಗುಬ್ಬಿಯ ಅವರ ನಡುಮನೆಯಲ್ಲಿ ರೆಕಾರ್ಡಿಂಗು. ಮಾವ ರೈಟ್ ಎಂದರೆ ಅವರು ಶುರು ಮಾಡಬೇಕು, ಹೋಲ್ಡಾನ್ ಎಂದರೆ ನಿಲ್ಲಿಸಬೇಕು. ಒಬ್ಬ ಎಂಜಿನಿಯರ್ ವರನ ಸ್ಲೈಡ್‌ಶೋದಲ್ಲಿ ಹುಡುಗನ ಮುಖ ಬಂದ ಹೊತ್ತಿಗೇ ಮಾವನ ದನಿ ಹೋಲ್ಡಾನ್ ಎಂದು ಕೇಳಿಸಿಬಿಟ್ಟು, ಹೆಣ್ಣಿನ ಕಡೆಯವರು ಇದೇನು ಅಪಶಕುನವೋ ಎಂದು ಹಿಂದೇಟು ಹಾಕಿದರು. ಆಮೇಲೆ ಆ ಮದುವೆಯೂ ಆಯಿತು ಬಿಡಿ.

ಆದರೆ ಅವರ ಸ್ಲೈಡ್‌ಶೋಗಳು ಹೆಸರಾದದ್ದು ಬೇರೆಯದೇ ಕಾರಣಕ್ಕೆ. ಪ್ರತಿಯೊಂದರಲ್ಲೂ ಒಂದು ಕಡೆ ಹಾರ್ಮೋನಿಯಂ ತಟಕ್ಕನೆ ನಿಲ್ಲುತ್ತಿತ್ತು. ಅಲ್ಲಿ ಫೋಟೋ ಇರುವುದಿಲ್ಲ, ಬರವಣಿಗೆ ಮಾತ್ರ. ಗಂಡಿನದೋ ಹೆಣ್ಣಿನದೋ ಏನು ಕುಂದಿದೆಯೋ ಅದು. "ಹುಡುಗನಿಗೆ ಮುಂದಲೆಯಲ್ಲಿ ಕೂದಲಿಲ್ಲ. ಎಲ್ಲ ಫೋಟೋದಲ್ಲೂ ಟೋಪಿ ಇರುವುದು ಅದಕ್ಕೇ." "ಹುಡುಗಿಗೆ ಮುದ್ದೆ ತಿರುವಲು ಬರುವುದಿಲ್ಲ. ಕಲಿಯುವ ಮನಸ್ಸೂ ಕಾಣುವುದಿಲ್ಲ." ಜನ ಅದನ್ನು ಚೆಕಿಂಗ್ ಸ್ಲೈಡು ಎಂದು ಕರೆಯುತ್ತಿದ್ದರು, ಯಾಕೆಂದರೆ ಇದೆಲ್ಲ ಯಾಕೆ ಬೇಕಿತ್ತು ಎಂದು ಯಾರು ಜಗಳಕ್ಕೆ ಬಂದರೂ ಮಾವ ಒಂದೇ ಉತ್ತರ ಕೊಡುತ್ತಿದ್ದರು.

"ಚೆಕಿಂಗ್‌ನವ್ರು ಎಲ್ಲಾದ್ರೂ ಒಂದ್ ಕಡೆ ಹತ್ತೇ ಹತ್ತುತಾರೆ. ಮೊದ್ಲೇ ಟಿಕೆಟ್ ತಗೊಂಡ್ಬುಟ್ರೆ ಕಿಟಕಿ ಪಕ್ಕ ಆರಾಮಾಗಿ ಕೂತಿರ್ಬೋದು."

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನನಗೆ ಬಲಗಿವಿ ಕೇಳುವುದಿಲ್ಲ. ಚಿಕ್ಕವಳಿದ್ದಾಗ ಮಂಗನಬಾವು ಬಂದದ್ದು, ಹೋಗುವಾಗ ಅದನ್ನೂ ಕರೆದುಕೊಂಡು ಹೋಯಿತು. ಎಡಗಿವಿ ಚೆನ್ನಾಗಿದೆ, ಬೇಡದ್ದೂ ಕೇಳಿಸುತ್ತದೆ. ಕ್ಯಾತ್ಸಂದ್ರದ ಒಂದು ಕಾಲೇಜಿನ ಲೈಬ್ರರಿಯಲ್ಲಿ ನನಗೆ ಕೆಲಸ. ಅಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವಂತಿಲ್ಲವಾದ್ದರಿಂದ ಎಲ್ಲರ ಕಿವಿಯೂ ಸಮ. ಹೊರಗಡೆ ಮಾತ್ರ ಅಮ್ಮನ ಕಾವಲು. ಮದುವೆಮನೆಯಿರಲಿ ನಾಮಕರಣವಿರಲಿ, ಓಡಿಬಂದು ನನ್ನ ಬಲಕ್ಕೆ ಕೂರುವಳು. ಆ ಕಡೆಯಿಂದ ಯಾರಾದರೂ ಮಾತಾಡಿಸಿದರೆ ನನ್ನ ಮೊಣಕೈ ಚಿವುಟುವಳು. ನಾನು ತಿರುಗಿ ನಕ್ಕು ತಲೆಯಾಡಿಸಬೇಕು. ಹೀಗೆ ಏನಕ್ಕೆ ಹೂಂ ಎಂದೆನೋ ಏನಕ್ಕೆ ಉಹೂಂ ಎಂದೆನೋ ದೇವರಿಗೇ ಗೊತ್ತು.

ಇದೇ ಕಾವಲಿನಲ್ಲಿ ನನಗೊಂದು ನಿಶ್ಚಿತಾರ್ಥವೂ ಆಗಿತ್ತು, ಮಾವನ ಕೈಯಲ್ಲಲ್ಲ, ಬೇರೆಯವರ ಕಡೆಯಿಂದ. ಆಮೇಲೊಂದು ದಿನ ಹುಡುಗ ನನ್ನನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಬಲಕ್ಕೆ ಕೂತ. ಏನೇನೋ ಕೇಳಿದನಂತೆ. ನಾನು ಮೆನು ಕಾರ್ಡು ಓದುತ್ತಾ ಕೂತಿದ್ದೆ. ಜಂಬ ಎಂದುಕೊಂಡ. ಆಮೇಲೆ ನಿಜ ತಿಳಿದು ಮೋಸ ಎಂದುಕೊಂಡ. ಅವರ ಮನೆಯವರು ಬಂದು ಬೀದಿಗೆ ಕೇಳುವಂತೆ ಕೂಗಾಡಿ ಉಂಗುರ ಟೀಪಾಯಿ ಮೇಲಿಟ್ಟು ಹೋದರು. ಕೂಗಿದ್ದಕ್ಕೆ ನನಗೆ ಮೈಯೆಲ್ಲ ಉರಿಯಿತು, ಆದರೆ ಮೋಸ ಎಂಬ ಮಾತನ್ನು ಸುಳ್ಳು ಎನ್ನುವ ಹಾಗಿರಲಿಲ್ಲ. ಮುಚ್ಚಿಟ್ಟಿದ್ದು ನಿಜವೇ ಅಲ್ಲವೇ?

ಅದಾದ ಮೇಲೆ ಅಮ್ಮ ಕಂಡಕ್ಟರ್ ಮಾವನನ್ನು ಕರೆಸಿದಳು. ಕಿವಿಯದೊಂದು ಬಿಟ್ಟು ಮಿಕ್ಕಿದ್ದೆಲ್ಲ ಹಾಕಿ ಅಣ್ಣಯ್ಯ, ಚೆಕಿಂಗಿಗೆ ಬೇಕಾದರೆ ಹುಡುಗಿಗೆ ಸಿಟ್ಟು ಜಾಸ್ತಿ ಎಂದು ಬರೆದುಬಿಡಿ ಎಂದಳು. ಮಾವ ಫ್ರಿಜ್ಜಿಗೆ ಒರಗಿಕೊಂಡೇ, ಸಿಟ್ಟು ಐದು ನಿಮಿಷ ಮಾತಾಡಿದರೆ ಯಾರಿಗಾದರೂ ಗೊತ್ತಾಗುತ್ತದೆ, ಅದಕ್ಕೆ ಸ್ಲೈಡು ದಂಡ ಎಂದರು. ಅಮ್ಮ ಅತ್ತಳು, ರೇಗಿದಳು. ಅವಳ ಭಯ ಸುಳ್ಳಲ್ಲ. ಆ ಗುಂಪಿನಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ನಮ್ಮವರೆಲ್ಲ ಇದ್ದರು. ಒಮ್ಮೆ ಲಿಂಕು ಬಿಟ್ಟು ಯಾರೂ ಬರಲಿಲ್ಲವೆಂದರೆ ಮತ್ತೆ ಬೇರೆ ಕಡೆ ನೋಡೋಣ ಎನ್ನುವುದಕ್ಕೆ ಬೇರೆ ಕಡೆ ಎಂಬುದೇ ಉಳಿಯುವುದಿಲ್ಲ. ಒಂದು ಸಂಬಂಧ ಮುರಿದ ಹುಡುಗಿ, ಮೇಲೆ ಕಿವಿಯ ಡಂಗುರ. ನನಗೂ ಹೆದರಿಕೆಯಾಗಿತ್ತು. ಮಾವನಿಗೆ ಚೆನ್ನಾಗಿ ಅಂದುಬಿಡಬೇಕು ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಅವರೇ ನನ್ನ ಕಡೆ ತಿರುಗಿ ಕೇಳಿದರು. "ಮಗ, ನಮ್ ಡ್ರೈವರ್ ಹಾರ್ಮೋನಿ ಪೆಟ್ಟಿಗೆ ಸಂಗೀತ ನಿಂಗೆ ಹೆಂಗ್ ಕೇಳ್ತದೆ?"

ಡಾಕ್ಟರುಗಳು ಕೇಳುತ್ತದೆಯೋ ಇಲ್ಲವೋ ಎಂದು ವಿಚಾರಿಸಿದ್ದರು. ನೆಂಟರು ಅಯ್ಯೋ ಎಂದಿದ್ದರು. ಹೆಂಗೆ ಕೇಳುತ್ತದೆ ಎಂದು ಹುಟ್ಟಿದಾರಭ್ಯ ಯಾರೂ ಕೇಳಿರಲಿಲ್ಲ. ಬೈಯಲು ತೆರೆದ ಬಾಯಿಂದ ಎಲ್ಲವೂ ಹೊರಗೆ ಬಂತು. ಪ್ರಪಂಚವೆಲ್ಲ ನನಗೆ ಎಡಗಡೆಯೇ ಇರುವುದು. ಯಾರಾದರೂ ಕರೆದರೆ ಯಾವ ದಿಕ್ಕಿನಿಂದ ಎಂದು ತಿಳಿಯದೆ ಬುಗುರಿಯ ಹಾಗೆ ತಿರುಗುತ್ತೇನೆ. ಇಯರ್‌ಫೋನಿನಲ್ಲಿ ಒಂದು ಕಡೆಯದು ಬರೀ ಶೋಕಿಗೆ. ಆದರೆ ಎಡಗಿವಿಯನ್ನು ದಿಂಬಿಗೆ ಒತ್ತಿ ಮಲಗಿದರೆ ಅಮ್ಮ ಎಷ್ಟು ಬೈದರೂ ನೆಮ್ಮದಿಯಾಗಿ ನಿದ್ದೆ ಬರುತ್ತದೆ. ಕೊನೆಯದಕ್ಕೆ ಮಾವ ಜೋರಾಗಿ ನಕ್ಕರು. ಅಮ್ಮನಿಗೆ ಆ ಗುಟ್ಟು ಅವತ್ತೇ ಗೊತ್ತಾದದ್ದು.

ನಕ್ಕು ಮುಗಿಸಿ ಮಾವ ಮೆಲ್ಲಗೆ ಹೇಳಿದರು. "ಕಿವಿ ನಿಂದು ಕಣವ್ವ. ನೀನು ಬ್ಯಾಡ ಅಂದ್ರೆ ಹಾಕಲ್ಲ. ನಿಮ್ಮಮ್ಮ ಬ್ಯಾಡ ಅಂದ್ರೆ ನಾ ಕೇಳಲ್ಲ."

ಹಾಕಿ ಮಾವ, ಎಂದೆ. ಅಮ್ಮ ಎದ್ದು ಒಳಗೆ ಹೋದಳು. ಮಾವನ ಜೊತೆ ಮಾತು ಬಿಟ್ಟಳು, ನನ್ನ ಜೊತೆಯೂ ಊಟ ತಿಂಡಿಗಷ್ಟೇ ಮಾತು.

ಮಾವ ನನ್ನ ಸ್ಲೈಡ್‌ಶೋಗೆ ಹೊಸದೊಂದು ಕಸರತ್ತು ಮಾಡಿದ್ದರು. ಮೊಬೈಲ್ ಅಂಗಡಿಯವನನ್ನು ಹಿಡಿದು ಕಾಡಿ ಮಾಡಿಸಿದ್ದಂತೆ. ಚೆಕಿಂಗ್ ಸ್ಲೈಡಿಗೆ ಬಂದಾಗ ಹಾರ್ಮೋನಿಯಂ ಯಾವಾಗಿನಂತೆ ನಿಲ್ಲಲಿಲ್ಲ. ಇಯರ್‌ಫೋನಿನ ಬಲಗಡೆ ಸತ್ತುಹೋಗಿ, ಎಡಗಡೆ ಮಾತ್ರ ಬಾರಿಸುತ್ತಾ ಹೋಯಿತು. ಪರದೆಯ ಮೇಲೆ ಹೀಗಿತ್ತು: "ನಿಮ್ಮ ಇಯರ್‌ಫೋನ್ ಕೆಟ್ಟಿಲ್ಲ. ಹುಡುಗಿಗೆ ಬಲಗಿವಿ ಕೇಳುವುದಿಲ್ಲ. ಅವಳಿಗೆ ಸಂಗೀತ ಕೇಳುವುದು ಹೀಗೆ." ನಾನು ಲೈಬ್ರರಿಯ ರ‍್ಯಾಕುಗಳ ನಡುವೆ ನಿಂತು ಅದನ್ನು ನೋಡಿದೆ. ನನಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲವಲ್ಲ ಎಂದುಕೊಂಡಾಗ ನಗು ಬಂತು.

ಗುಂಪಿನಲ್ಲಿ ಮಾತ್ರ ಸದ್ದಿಲ್ಲ. ಫೋನಿನ ಸ್ಪೀಕರಿನಲ್ಲೇ ಕೇಳಿದವರಿಗೆ ಕಸರತ್ತು ತಿಳಿಯಲಿಲ್ಲ, ಬರೆದದ್ದು ತಿಳಿಯಿತು. ಜಾತಕ ಕೇಳಿದ್ದ ಮನೆಯವರು ಸುಮ್ಮನಾದರು. ಚಿಕ್ಕಮ್ಮ ಫೋನು ಮಾಡಿ, ನಿಮ್ಮ ಮಾನ ನೀವೇ ಹರಾಜಿಗಿಟ್ಟಿರಲ್ಲ ಎಂದು ಅಮ್ಮನನ್ನು ಇನ್ನಷ್ಟು ಅಳಿಸಿದಳು. ದಿನ ಕಳೆದಂತೆ ನನ್ನ ಧೈರ್ಯವೂ ಸೋರಿತು. ಮಾವನಿಗೆ ಫೋನು ಹಚ್ಚಿ, ನಿಮ್ಮ ಕಂಡಕ್ಟರಿಕೆಯಿಂದ ನನ್ನ ಬಾಳು ಡಿಪೋ ಸೇರಿತು ಎಂದು ಬಾಯಿಗೆ ಬಂದಂತೆ ಅಂದೆ. ಅವರು ಪೂರ್ತಿ ಕೇಳಿಸಿಕೊಂಡು, ಊಟ ಮಾಡಿದ್ಯಾ ಮಗ ಎಂದು ಕೇಳಿದರು.

ಗುಬ್ಬಿಯಿಂದ ಅವರಿಗೆ ಕರೆ ಬಂದದ್ದು ಆಮೇಲೆ. ಅಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದ ಒಬ್ಬರು ನನ್ನ ಸ್ಲೈಡ್‌ಶೋವನ್ನು ಇಯರ್‌ಫೋನ್ ಹಾಕಿಕೊಂಡು ನೋಡಿದ್ದಾರೆ. ಹಾರ್ಮೋನಿಯಂ ಗುಂಗಿನಲ್ಲಿ ಕಣ್ಣುಮುಚ್ಚಿದ್ದಾಗ ಬಲಗಡೆ ಸದ್ದು ನಿಂತಿದೆ. ಕಿತ್ತು ಊದಿದ್ದಾರೆ, ಅಂಗಿಗೆ ಒರೆಸಿದ್ದಾರೆ, ವೈರು ತಿರುಚಿದ್ದಾರೆ. ಕೊನೆಗೆ ಪಕ್ಕದ ಅಂಗಡಿಯಿಂದ ಹೊಸದು ತಂದು ಹಾಕಿದರೂ ಅದೇ ಕಥೆ. ಆಮೇಲೆಯೇ ಪರದೆಯ ಕಡೆ ನೋಡಿ ಆ ಸ್ಲೈಡನ್ನು ಓದಿದ್ದು. ಓದಿ, ಮತ್ತೆ ಮೊದಲಿನಿಂದ ನೋಡಿದರಂತೆ, ಬಲಗಡೆಯದನ್ನು ತಾವಾಗಿಯೇ ತೆಗೆದಿಟ್ಟು. ಅವರ ತಾಯಿಗೆ ಅಷ್ಟಾಗಿ ಒಪ್ಪಿಗೆ ಇರಲಿಲ್ಲ. ಆದರೂ ಹೆಣ್ಣು ನೋಡಲು ಬಂದರು.

ಅವತ್ತು ಅಮ್ಮ ಮಾತಿಲ್ಲದೆ ಉಪ್ಪಿಟ್ಟು ಕೇಸರಿಬಾತು ಮಾಡಿದಳು. ಗಂಡಿನ ತಾಯಿ ನನ್ನ ಕಿವಿಯನ್ನು ಓಲೆಯ ನೆಪದಲ್ಲಿ ನಾಲ್ಕಾರು ಸಲ ನೋಡಿದರು. ಮಾವ ನಡುಮನೆಯಲ್ಲಿ ಕಾಲಗಲಿಸಿ ನಿಂತೇ ಎಲ್ಲರಿಗೂ ಹವಾಮಾನದ ವಿಚಾರ ಹೇಳುತ್ತಿದ್ದರು. ಹುಡುಗ ಹುಡುಗಿ ಒಂದೆರಡು ಮಾತಾಡಿಕೊಳ್ಳಲಿ ಎಂದು ನಮ್ಮನ್ನು ತಾರಸಿಗೆ ಕಳಿಸಿದರು. ನಾನು ನೀರಿನ ಟ್ಯಾಂಕಿಗೆ ಒರಗಿ, ಕಿವಿಯ ಬಗ್ಗೆ ಏನಾದರೂ ಕನಿಕರದ ಮಾತಾಡಿದರೆ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಡಬೇಕೆಂದು ಹಲ್ಲು ಕಚ್ಚಿ ನಿಂತಿದ್ದೆ. ಅವರು ಬಂದು ನನ್ನ ಬಲಕ್ಕೆ ನಿಂತರು. ಬಾಯಿ ತೆರೆದವರು ಹಾಗೇ ತಡೆದು, ಟ್ಯಾಂಕು ಸುತ್ತಿಕೊಂಡು ಎಡಕ್ಕೆ ಬಂದರು.

"ಈ ಕಡೆ ಅಲ್ವಾ?" ಎಂದರು.

ಸಿದ್ಧ ಮಾಡಿಕೊಂಡಿದ್ದ ಉತ್ತರವೆಲ್ಲ ಎಲ್ಲಿ ಹೋಯಿತೋ. ಹೂಂ ಎಂದೆ. ಆಮೇಲೆ ಅಂಗಡಿ, ಲೈಬ್ರರಿ, ಮುದ್ದೆ, ಎಲ್ಲ ಮಾತಾಡಿದೆವು. ಕೆಳಗೆ ಉಪ್ಪಿಟ್ಟು ಆರಿತು ಎಂದು ಯಾರೋ ಕೂಗಿದ್ದು ನನಗೆ ಕೇಳಿಸಲಿಲ್ಲ, ಅವರಿಗೂ ಕೇಳಿಸಲಿಲ್ಲವಂತೆ.

ಮದುವೆಯಾಗಿ ನಾನು ಗುಬ್ಬಿ ಸೇರಿದೆ. ಅಲ್ಲಿಂದಲೇ ಕ್ಯಾತ್ಸಂದ್ರಕ್ಕೆ ಓಡಾಟ. ಅತ್ತೆಯವರು ಈಗ ಊಟಕ್ಕೆ ಕೂರುವಾಗ ತಾವೇ ನನ್ನ ಎಡಕ್ಕೆ ಮಣೆ ಎಳೆದುಕೊಳ್ಳುತ್ತಾರೆ, ಹೇಳುವುದು ಬಹಳ ಇರುತ್ತದೆ ಅವರಿಗೆ. ಅಮ್ಮನೂ ಮಾವನ ಜೊತೆ ರಾಜಿಯಾದಳು, ಆದರೆ ಮದುವೆಯ ಊಟದ ದಿನದವರೆಗೂ ಬಿಗುಮಾನ ಬಿಟ್ಟಿರಲಿಲ್ಲ.

ಹೋದ ವರ್ಷ ಮಾವ ಹೋಗಿಬಿಟ್ಟರು. ನರಳಲಿಲ್ಲ, ಯಾರಿಗೂ ತೊಂದರೆ ಕೊಡಲಿಲ್ಲ. ಅವರ ಊರಿಗೆ ಹೋದರೆ ಮನೆ ಮುಂದೆ ಕಾಲಿಡಲು ಜಾಗವಿಲ್ಲ. ಬಂದವರೆಲ್ಲ ಜೋಡಿ ಜೋಡಿ. ಟೋಪಿ ಹಾಕಿದವರೊಬ್ಬರು ಹೆಂಡತಿಯ ಪಕ್ಕ ನಿಂತು ಬಿಕ್ಕುತ್ತಿದ್ದರು. ಡ್ರೈವರು ಜಗಲಿಯ ಮೇಲೆ ಕೂತು ಯಾರ ಮುಖವನ್ನೂ ನೋಡದೆ ಬೀದಿ ನೋಡುತ್ತಿದ್ದರು.

ಆ ನೂಕಲಿನಲ್ಲಿ ಯಾರೋ ನನ್ನ ಬಲ ತೋಳು ಹಿಡಿದರು. ತಿರುಗಿದರೆ ಗುರುತಿಲ್ಲದ ಮುದುಕಿ. ತುಟಿ ಅಲ್ಲಾಡುತ್ತಿತ್ತು, ಏನೋ ಕೇಳುತ್ತಿದ್ದರು. ಹಿಂದಿನ ನಾನಾಗಿದ್ದರೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ. ಅಮ್ಮನೂ ಅಲ್ಲೇ ಇದ್ದಳು, ಊರವರೆಲ್ಲ ಇದ್ದರು. ಅಜ್ಜಿ, ನಂಗೆ ಆ ಕಿವಿ ಕೇಳಲ್ಲ, ಈ ಕಡೆ ಬನ್ನಿ ಎಂದು ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. ಗುರುತಿಲ್ಲದವರ ಮುಂದೆ ನಾನೇ ಬಾಯಿಬಿಟ್ಟು ಹಾಗೆ ಹೇಳಿದ್ದು ಅದೇ ಮೊದಲು. ಅಜ್ಜಿ ಏನೂ ಅಂದುಕೊಳ್ಳದೆ ಜನರನ್ನು ಸರಿಸಿಕೊಂಡು ಎಡಕ್ಕೆ ಬಂದರು.

"ನಿನ್ ಮದ್ವೇನೂ ಇವ್ರೇ ಮಾಡ್ಸಿದ್ದಾ ಮಗ?"

"ಹೂಂ ಅಜ್ಜಿ."

"ಏನಂತ ಹೇಳಿ ಒಪ್ಸುದ್ರು?"

"ಇದ್ದದ್ದು ಇದ್ದಂಗೇ ಹೇಳಿ," ಎಂದೆ. ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ನನಗೆ ಅಳು ತಡೆಯಲಾಗಲಿಲ್ಲ.